ಹಡಗಿನ ಕಡತಗಳಲ್ಲಿ ಪೂರ್ವಿಕರ ಹೆಸರು: ಮಂಗಳೂರಿನ ಬೊಮ್ಮನನ್ನು ಕುರಿತ ವಿಚಾರ

ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿಗೆ ಸೇರಿದ ಅಮ್ಮಸಂದ್ರ ಗ್ರಾಮವು ಪಡುವಣ ಕಡಲಿಗೆ ನೂರು ಮೈಲಿಗೂ ಮಿಕ್ಕ ದೂರದಲ್ಲಿದೆ. ತೆಂಗಿನ ತೋಟಗಳ ಸೀಮೆಯಾದ ಆ ಪ್ರಾಂತದಲ್ಲಿ ಕಡಲಿನ ಸುಳಿವೇ ಇಲ್ಲವಾದರೂ ಊರಿನ ಹೆಸರಿನಲ್ಲಿ ಮಾತ್ರ ಅದು ಅಡಗಿಕೊಂಡಿರುವುದು. ಸಂದ್ರ ಎಂಬುದು ಸಮುದ್ರ ಶಬ್ದದಿಂದ ಬಂದ ರೂಪ. ನಡುವಣ ಉಕಾರವು ಲೋಪವಾಗಿ ಮಕಾರವು ಬಿಂದುವಾಗಿ ನಿಂತಿದೆ. ದೊಡ್ಡ ಕೆರೆಯನ್ನು ಕಟ್ಟಿಸಿದವರು ಅದನ್ನು ಸಮುದ್ರವೆಂದೇ ಕರೆದು ಹೆಮ್ಮೆಪಡುತ್ತಿದ್ದರೆಂಬುದಕ್ಕೆ ಶಾಸನಗಳಲ್ಲಿ ಬೇಕಾದಷ್ಟು ಆಧಾರಗಳುಂಟು. ಅಮ್ಮಸಂದ್ರಕ್ಕೆ ನೆರೆಯಾದ ಬಾಣಸಂದ್ರ, ಬೆಂಗಳೂರಿನ ಸುತ್ತಣ ಸಿಂಗಸಂದ್ರ, ದೇವಸಂದ್ರ, ಬೊಮ್ಮಸಂದ್ರ ಮೊದಲಾದುವೆಲ್ಲ ಈ ವರ್ಗದ ಹೆಸರುಗಳೇ. ತಮಿಳುನಾಡಿನ ಅಂಬಾಸಮುದ್ರದಲ್ಲಿ ಮೂಲರೂಪವು ಸವೆಯದೆ ಉಳಿದುಕೊಂಡಿದೆ. ಬೊಮ್ಮಸಂದ್ರದಲ್ಲಾದರೋ ಪೂರ್ವಪದವೂ ಉತ್ತರಪದವೂ ಎರಡೂ ತದ್ಭವಗಳು. ಬ್ರಹ್ಮಸಮುದ್ರವೇ ಜನರ ಬಾಯಲ್ಲಿ ಹಾಗೆ ಮಾರ್ಪಟ್ಟಿತು.

ಈ ಮಾರ್ಪಾಡುಗಳು ಒಂದೇ ಭಾಷೆಯ ಒಳಗೆ ನಡೆದವು. ಆದಕಾರಣ ಅವಕ್ಕೆ ನಿಯಮವುಂಟು. ವ್ಯಾಕರಣವನ್ನು ಬಲ್ಲವನು ಬಂದ ದಾರಿಯಲ್ಲಿಯೇ ಹಿಂದಿರುಗಿ ಮೂಲವನ್ನು ಸೇರಬಲ್ಲನು. ಅದೇ ಹೆಸರನ್ನು ಪರದೇಶದವನೊಬ್ಬನು ತನ್ನ ಕಿವಿಗೆ ಕೇಳಿದಂತೆ ತನ್ನ ಲಿಪಿಯಲ್ಲಿ ಬರೆದಿಟ್ಟಾಗ ತೊಡಕು ಇಮ್ಮಡಿಯಾಗುವುದು. ಕಡಲು ದಾಟಿದ ಪೂರ್ವಿಕರನ್ನು ಹಡಗಿನ ಪಟ್ಟಿಗಳಲ್ಲಿಯೂ ವರ್ತಕರ ಕಾಗದಗಳಲ್ಲಿಯೂ ಅರಸುವವರು ಮೊತ್ತಮೊದಲು ಎದುರಿಸಬೇಕಾದುದು ಈ ತೊಡಕನ್ನೇ. ಅಂತಹ ಅರಸುವಿಕೆಯ ಫಲವಾಗಿ ಬೆಳಕಿಗೆ ಬಂದಿರುವ ಮಂಗಳೂರಿನ ಒಬ್ಬ ಆಳಿನ ಹೆಸರನ್ನು ಹೇಗೆ ಓದಬೇಕು, ಅವನ ವಿಷಯದಲ್ಲಿ ಏನನ್ನು ಹೇಳಬಹುದು, ಏನನ್ನು ಹೇಳಕೂಡದು ಎಂಬುದೇ ಪ್ರಕೃತ ವಿಷಯ.

ಇಂತಹ ಶೋಧನೆಯು ಒಂದು ಶಾಸ್ತ್ರದ ಕ್ರಮವನ್ನೇ ಪಡೆದಿರುವುದು ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳ ಸಂಬಂಧದಲ್ಲಿ. ೧೮೦೩ರ ಕಾಯಿದೆಯೊಂದರ ಪ್ರಕಾರ ಹಡಗಿನ ಯಜಮಾನನು ಪ್ರಯಾಣಕ್ಕೆ ಮೊದಲು ತನ್ನ ಆಳುಗಳ ಪಟ್ಟಿಯನ್ನು ಸುಂಕದ ಕಟ್ಟೆಯ ಅಧಿಕಾರಿಗೆ ಒಪ್ಪಿಸಬೇಕಾಗಿತ್ತು. ಹೆಸರು, ಹುಟ್ಟಿದ ಊರು, ವಾಸದ ಊರು, ಯಾವ ದೇಶದ ಪ್ರಜೆ, ವಯಸ್ಸು, ಎತ್ತರ, ಮೈಬಣ್ಣ, ಕೂದಲಿನ ಬಣ್ಣ ಇವಿಷ್ಟೂ ಅಂಕಣ ಅಂಕಣವಾಗಿ ಅದರಲ್ಲಿ ದಾಖಲಾಗುತ್ತಿದ್ದವು. ನ್ಯೂ ಬೆಡ್‌ಫರ್ಡ್ ಬಂದರಿನ ಪಟ್ಟಿಗಳು ಈಗಲೂ ಉಳಿದಿವೆ. ಹರ್ಮನ್ ಮೆಲ್ವಿಲ್ ಎಂಬ ಪ್ರಸಿದ್ಧ ಕಾದಂಬರಿಕಾರನು ೧೮೪೧ರಲ್ಲಿ ಅಕುಶ್ನೆಟ್ ಎಂಬ ಹಡಗಿನಲ್ಲಿ ಬೇಟೆಗೆ ಹೊರಟಾಗ ಅವನಿಗೆ ೨೧ ವರ್ಷವಾಗಿತ್ತು, ಎತ್ತರ ಐದು ಅಡಿ ಒಂಬತ್ತೂವರೆ ಅಂಗುಲವಾಗಿತ್ತು ಎಂಬುದು ತಿಳಿಯಬರುವುದು ಅಂತಹ ಪಟ್ಟಿಯಿಂದಲೇ.

ಆದರೆ ಅಂಕಣಗಳು ತುಂಬಿವೆಯೆಂದ ಮಾತ್ರಕ್ಕೆ ವ್ಯಕ್ತಿಯು ಸಿಕ್ಕಿದನೆಂದು ತಿಳಿಯಲಾಗದು. ಅದೇ ೧೮೪೧ರಲ್ಲಿ ಜಾನ್ ಹೌಲೆಂಡ್ ಎಂಬ ಬೇಟೆಯ ಹಡಗಿನವರು ಬಿರುಗಾಳಿಗೆ ಸಿಕ್ಕಿ ನಿರ್ಜನ ದ್ವೀಪವೊಂದನ್ನು ಸೇರಿದ್ದ ಜಪಾನಿನ ಬೆಸ್ತರನ್ನು ಕಾಪಾಡಿದರು. ಅವರಲ್ಲಿ ಹದಿನಾಲ್ಕು ವರ್ಷದ ಮಾಂಜಿರೋ ಎಂಬ ಹುಡುಗನು ಹಡಗಿನವರ ಬಾಯಲ್ಲಿ ‘ಜಾನ್ ಮಂಗ್’ ಆದನು. ಅವನು ಮುಂದೆ ತಾನೂ ಬೇಟೆಯ ಹಡಗಿನಲ್ಲಿ ದುಡಿದು, ೧೮೫೧ರಲ್ಲಿ ಸ್ವದೇಶಕ್ಕೆ ಹಿಂದಿರುಗಿ ಖ್ಯಾತನಾದುದರಿಂದ ಎರಡು ಹೆಸರುಗಳೂ ಒಬ್ಬನವೇ ಎಂಬುದು ಲೋಕಕ್ಕೆ ಗೊತ್ತಾಗಿದೆ. ಹಿಂದಿರುಗದೆ ಇದ್ದಿದ್ದರೆ ಜಾನ್ ಮಂಗ್ ಎಂಬ ಬರಹದಿಂದ ಅವನ ಹಳ್ಳಿಯನ್ನು ಕಂಡುಹಿಡಿಯುವವರು ಯಾರು?

ಕನ್ನಡ ನಾಡಿನ ಕರಾವಳಿಯಲ್ಲಿ ಕಡಲಾಳುಗಳಿಗೆ ಎಂದೂ ಕೊರತೆಯಿರಲಿಲ್ಲ. ಟಂಡೇಲ, ಸಾರಂಗ, ಖಲಾಸಿ ಎಂಬ ಮಾತುಗಳು ಇಂದಿಗೂ ಬಳಕೆಯಲ್ಲಿವೆ. ಬೈತ್ರವೆಂಬ ತದ್ಭವವೇ ಹಡಗಿನ ಹಳಮೆಗೆ ಸಾಕ್ಷಿ ನುಡಿಯುವುದು. ಬೌಧಾಯನನು ಸಮುದ್ರಯಾನವನ್ನು ಪತನೀಯಗಳಲ್ಲಿ ಎಣಿಸಿರುವನೆಂಬುದು ನಿಜ. ನಿಷೇಧಿಸಬೇಕಾಗಿ ಬಂದುದರಿಂದಲೇ ಆ ಆಚಾರವು ಇದ್ದಿತೆಂದೂ ಊಹಿಸಬಹುದಾಗಿದೆ. ಇಷ್ಟಾದರೂ ಹಡಗೇರಿದ ಸಾಮಾನ್ಯರ ಹೆಸರನ್ನು ಬರೆದಿಡುವ ಪದ್ಧತಿಯು ಇಲ್ಲಿ ಕಾಣಬರುವುದಿಲ್ಲ. ಶಿಲಾಶಾಸನಗಳು ಹೇಳುವುದು ದತ್ತಿಯನ್ನು ಬಿಟ್ಟವರ ಹೆಸರನ್ನು, ಕಾಳಗದಲ್ಲಿ ಬಿದ್ದವರ ಹೆಸರನ್ನು. ಮೆಣಸಿನ ಮೂಟೆಯೊಡನೆ ಏಡನ್ನಿಗೆ ಹೋಗಿಬಂದವನ ಹೆಸರನ್ನಲ್ಲ. ಆದ್ದರಿಂದ ಪರರ ಕಾಗದಪತ್ರಗಳಿಗೆ ಕೈಯೊಡ್ಡದೆ ಗತ್ಯಂತರವಿಲ್ಲ.

ಅಂತಹ ಕಾಗದಗಳು ದೊರೆತಿರುವುದು ಈಜಿಪ್ಟ್ ದೇಶದಲ್ಲಿ. ಕೈರೋ ನಗರದ ಹಳೆಯ ಭಾಗವಾದ ಫುಸ್ತಾತಿನಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪ್ರಾರ್ಥನಾಮಂದಿರವಿದೆ. ಭಗವಂತನ ಹೆಸರಿರುವ ಬರಹವನ್ನು ನಾಶಮಾಡಬಾರದೆಂಬುದು ಆ ಮತದವರ ನಂಬಿಕೆ. ಹರಿದ ಕಾಗದಗಳನ್ನು ಅವರು ‘ಗೆನೀಜಾ’ ಎಂಬ ಕೋಣೆಯಲ್ಲಿ ಹಾಕಿಡುತ್ತಿದ್ದರು. ಧರ್ಮಗ್ರಂಥಗಳ ಚೂರುಗಳೊಡನೆ ವ್ಯಾಪಾರದ ಓಲೆಗಳು, ಲೆಕ್ಕದ ಚೀಟಿಗಳು, ಮದುವೆಯ ಕರಾರುಗಳು ಎಲ್ಲವೂ ಅಲ್ಲಿ ಸೇರಿದವು. ೧೮೯೬-೯೭ರಲ್ಲಿ ಸಾಲೊಮನ್ ಶೆಖ್ಟರ್ ಎಂಬ ವಿದ್ವಾಂಸರು ಇವುಗಳ ಬಹುಭಾಗವನ್ನು ಕೇಂಬ್ರಿಜ್ ವಿಶ್ವವಿದ್ಯಾನಿಲಯಕ್ಕೆ ಸಾಗಿಸಿದರು. ಉಳಿದುವು ಹಲವು ದೇಶಗಳ ಭಂಡಾರಗಳಲ್ಲಿ ಹಂಚಿಹೋಗಿವೆ. ಕನ್ನಡ ನಾಡಿನಲ್ಲಿಯೂ ಬರಹಕ್ಕೆ ಗೌರವವಿಲ್ಲದೆ ಇರಲಿಲ್ಲ. ಆದರೆ ಜೀರ್ಣವಾದ ಓಲೆಗರಿಯ ಕಟ್ಟುಗಳನ್ನು ಹೊಳೆಗೆ ಬಿಡುವುದೇ ಇಲ್ಲಿಯ ಸಂಪ್ರದಾಯವಾಗಿತ್ತು. ಭಕ್ತಿಯು ಎರಡು ಕಡೆಯೂ ಸಮಾನವೇ. ಚರಿತ್ರೆಗೆ ಉಪಕಾರವಾದುದು ಅಲ್ಲಿಯದರಿಂದ ಮಾತ್ರ.

ಆ ಕಾಗದಗಳಲ್ಲಿ ಕಾಣಬರುವ ಅಬ್ರಹಾಂ ಬೆನ್ ಯೀಜು ಎಂಬ ವರ್ತಕನು ಟ್ಯುನೀಸಿಯದ ಮಹ್ದಿಯಾ ಪಟ್ಟಣದವನು. ಅವನು ಕ್ರಿ. ಶ. ೧೧೩೨ರ ವೇಳೆಗೆ ಮಂಗಳೂರಿಗೆ ಬಂದು ನೆಲಸಿದ್ದನು. ಆ ವರ್ಷದ ಅಕ್ಟೋಬರ್ ೧೭ರಂದು ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವು ‘ಮಂಜರೂರ್’ ಎಂಬ ಸ್ಥಳನಿರ್ದೇಶದೊಡನೆ ದೊರೆತಿದೆ. ಘಟ್ಟದ ಮೇಲೆ ಹೊಯ್ಸಳ ವಿಷ್ಣುವರ್ಧನನೂ ಕರಾವಳಿಯಲ್ಲಿ ಆಳುಪರೂ ಆಳುತ್ತಿದ್ದ ಕಾಲ ಅದು. ಸುಮಾರು ಹದಿನೇಳು ವರ್ಷ ಇಲ್ಲಿಯೇ ಇದ್ದು ೧೧೪೯ರಲ್ಲಿ ಅವನು ಏಡನ್ನಿಗೆ ಹಿಂದಿರುಗಿದನು. ಏಡನ್ನಿನ ಅವನ ಮಿತ್ರ ಖಲಫ್ ಇಬ್ನ್ ಇಸ್‌ಹಾಕನು ೧೧೪೮ರಲ್ಲಿ ಬರೆದ ಪತ್ರವೊಂದರಲ್ಲಿ ಯಜಮಾನನಿಗೆ ಮಾತ್ರವಲ್ಲದೆ ಅವನ ಆಳಿಗೂ ವಂದನೆಯನ್ನು ತಿಳಿಸಿದ್ದಾನೆ. ಎಚ್. ೬ ಎಂಬ ಗುರುತಿನಿಂದ ಜೆರೂಸಲೆಮಿನ ಗ್ರಂಥಭಂಡಾರದಲ್ಲಿರುವ ಈ ಪತ್ರವನ್ನು ೧೯೪೨ರಲ್ಲಿ ಇ. ಸ್ಟ್ರೌಸ್ ಎಂಬ ವಿದ್ವಾಂಸರು ಹೀಬ್ರೂ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ೧೯೭೩ರಲ್ಲಿ ಎಸ್. ಡಿ. ಗೊಯ್ಟೈನರು ೧೧೩೯ರ ಮತ್ತೊಂದು ಪತ್ರವನ್ನು ಅನುವಾದಿಸಿದಾಗ ಆಳಿನ ಹೆಸರು ಪಾಶ್ಚಾತ್ಯ ವಿದ್ವಾಂಸರ ಗಮನಕ್ಕೆ ಬಂದಿತು. ಆ ಆಳಿನ ಜಾಡನ್ನೇ ಹಿಡಿದು ಹೊರಟ ಅಮಿತಾವ್ ಘೋಷರು ಮಂಗಳೂರಿಗೆ ಬಂದು ವಿಚಾರಿಸಿ ೧೯೯೨ರಲ್ಲಿ ತಮ್ಮ ಶೋಧನೆಯನ್ನು ಗ್ರಂಥರೂಪವಾಗಿ ಹೊರಡಿಸಿದರು.

ಇನ್ನು ಹೆಸರಿನ ವಿಚಾರ. ಈ ಪತ್ರಗಳ ಭಾಷೆ ಅರಬ್ಬೀ, ಲಿಪಿ ಹೀಬ್ರೂ. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ; ಒತ್ತಕ್ಷರವನ್ನೂ ತೋರಿಸುವುದಿಲ್ಲ. ಆಳಿನ ಹೆಸರು ಮೂರೇ ಅಕ್ಷರಗಳಲ್ಲಿದೆ: ಬೇತ್, ಮೇಮ್, ಹೇ, ಎಂದರೆ ಬ, ಮ, ಹ. ಇವುಗಳಲ್ಲಿ ಕಡೆಯ ಹಕಾರವು ಉಚ್ಚಾರಣೆಗೆ ಬರತಕ್ಕದ್ದಲ್ಲ. ಶಬ್ದವು ಅಕಾರಾಂತವೆಂಬುದನ್ನು ಸೂಚಿಸುವ ಚಿಹ್ನೆ ಮಾತ್ರ. ಉಳಿದುದು ಬಕಾರ ಮಕಾರಗಳೆರಡು. ಗೊಯ್ಟೈನರು ಇದನ್ನು ‘ಬಮ’ ಎಂದು ಬರೆದು, ‘ಬಮ್ಮ’ ಎಂದು ಉಚ್ಚರಿಸಬೇಕೆಂದೂ, ಎ. ಎಲ್. ಬ್ಯಾಶಮರ ಸೂಚನೆಯಂತೆ ಇದು ಬ್ರಹ್ಮ ಶಬ್ದದ ಸಂಕ್ಷಿಪ್ತ ರೂಪವೆಂದೂ ಟಿಪ್ಪಣಿಯನ್ನು ಕೊಟ್ಟರು. ಘೋಷರಾದರೋ ತುಳು ಜಾನಪದದಲ್ಲಿ ಹೆಸರಾದ ಬಿ. ಎ. ವಿವೇಕ ರೈ ಅವರ ನೆರವಿನಿಂದ ‘ಬೊಮ್ಮ’ ಎಂಬ ಪಾಠವನ್ನು ಸ್ವೀಕರಿಸಿದರು. ತುಳುನಾಡಿನ ಪ್ರಾಚೀನ ದೈವವಾದ ಬೆರ್ಮೆರ ಹೆಸರಿಗೂ ಇದಕ್ಕೂ ಸಂಬಂಧವುಂಟೆಂಬುದು ಅವರ ಅಭಿಪ್ರಾಯ.

ಬೇರೆ ಪಾಠಗಳು ಸಾಧ್ಯವಿಲ್ಲವೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಭೀಮ ಎಂದಿದ್ದರೆ ದೀರ್ಘವಾದ ಈಕಾರಕ್ಕಾಗಿ ನಡುವೆ ಯೋದ್ ಎಂಬ ಅಕ್ಷರವು ಬರಬೇಕಾಗಿತ್ತು. ಭಾಮ, ವಾಮ ಎಂಬ ರೂಪಗಳಿಗೆ ಆಲೆಫ್ ಬೇಕು. ಬ್ರಹ್ಮ ಎಂಬ ತತ್ಸಮವನ್ನೇ ಬರೆದಿದ್ದರೆ ರೇಫವನ್ನು ಬಿಡಲು ಕಾರಣವಿಲ್ಲ. ವ್ಯಂಜನವನ್ನು ನುಂಗುವ ಲಿಪಿ ಅದಲ್ಲ. ಆದಕಾರಣ ಹ್ರಸ್ವಸ್ವರವುಳ್ಳ, ರೇಫವಿಲ್ಲದ ರೂಪವೊಂದೇ ನಿಲ್ಲುವುದು. ಅದು ಬಮ್ಮ ಅಥವಾ ಬೊಮ್ಮ. ಬೆರ್ಮೆ ಶಬ್ದದಲ್ಲಿ ರೇಫವು ಉಳಿದುಕೊಂಡಿರುವುದನ್ನು ಇಲ್ಲಿ ಗಮನಿಸತಕ್ಕದ್ದು. ತುಳುವಿನ ದೈವಕ್ಕೂ ಆಳಿನ ಹೆಸರಿಗೂ ಭಾವದಲ್ಲಿ ನಂಟಿರಬಹುದು. ಶಬ್ದರೂಪದಲ್ಲಿ ಮಾತ್ರ ಆಳಿನ ಹೆಸರು ಕನ್ನಡದ ತದ್ಭವಕ್ಕೆ ಹತ್ತಿರವಾದುದು.

ಬಮ್ಮ, ಬೊಮ್ಮ ಇವೆರಡರಲ್ಲಿ ಯಾವುದು? ಸಂಸ್ಕೃತದ ಬ್ರಹ್ಮ ಶಬ್ದದ ಆದಿಯ ರೇಫವು ಹೋಗಿ, ಹ್ಮ ಎಂಬ ಸಂಯುಕ್ತವು ಮ್ಮ ಎಂದಾಗಿ ಬಮ್ಮವಾಯಿತು. ಓಷ್ಠ್ಯವಾದ ಬಕಾರದ ಮತ್ತು ಮಕಾರದ ನಡುವೆ ಸಿಕ್ಕಿದ ಅಕಾರವು ತುಟಿಗಳ ಸಂಗದಿಂದ ಒಕಾರವಾಗಿ ಬೊಮ್ಮವಾಯಿತು. ಮಮ್ಮಗ ಶಬ್ದವು ಮೊಮ್ಮಗವಾದುದೂ ಇದೇ ಕ್ರಮದಲ್ಲಿ. ಹನ್ನೆರಡನೆಯ ಶತಮಾನದಲ್ಲಿ ಎರಡು ರೂಪಗಳೂ ಬಳಕೆಯಲ್ಲಿದ್ದವು. ವಿಷ್ಣುವರ್ಧನನ ರಾಣಿಯ ಹೆಸರು ಬಮ್ಮಲದೇವಿ. ಕಲ್ಯಾಣದ ಶರಣರಲ್ಲಿ ಒಬ್ಬನು ಕಿನ್ನರಿ ಬೊಮ್ಮಯ್ಯ. ಹೀಗಿರುವಲ್ಲಿ ಲಿಪಿಯೊಂದರಿಂದಲೇ ಇದನ್ನು ಇತ್ಯರ್ಥಪಡಿಸಲು ಬರುವುದಿಲ್ಲ. ಬೊಮ್ಮ ಎಂಬ ಪಾಠವನ್ನು ಒಪ್ಪಲು ಇರುವ ಆಧಾರವೆಂದರೆ ಜನಸಾಮಾನ್ಯರಲ್ಲಿ ಕೊನೆಗೆ ನೆಲೆನಿಂತ ರೂಪವು ಅದೇ ಎಂಬುದು. ಗೊಯ್ಟೈನರ ಉಚ್ಚಾರಣೆಯನ್ನು ತಪ್ಪೆಂದು ತಳ್ಳಿಹಾಕಿದವರು ಶಾಸನಗಳ ಬಮ್ಮರನ್ನು ಮರೆತವರೇ ಸರಿ. ಪಾಠ ಯಾವುದಾದರೂ ಆಗಲಿ, ಆಳು ಕನ್ನಡ-ತುಳು ಸೀಮೆಯವನೆಂಬ ನಿರ್ಣಯಕ್ಕೆ ಬಾಧಕವಿಲ್ಲ.

ಬೊಮ್ಮನು ಹುಟ್ಟುಹಾಕುವ ಅಂಬಿಗನಾಗಿರಲಿಲ್ಲ, ಹಡಗಿನ ಸಂಬಳದ ಆಳೂ ಆಗಿರಲಿಲ್ಲ. ಯಜಮಾನನ ಸರಕನ್ನು ಕೊಂಡೊಯ್ದು ಒಪ್ಪಿಸಿ, ಪ್ರತಿಯಾಗಿ ಬಂದುದನ್ನು ತರುವ ಗುಮಾಸ್ತೆಯಂತೆ ಅವನು ಕಡಲನ್ನು ದಾಟಿದವನು. ೧೧೩೫ರ ಸುಮಾರಿಗೆ ಅವನು ಏಡನ್ನಿನಲ್ಲಿದ್ದನು. ಅಲ್ಲಿಯ ವರ್ತಕರ ಮುಖ್ಯಸ್ಥನಾದ ಮದ್ಮೂನನು ಬೆನ್ ಯೀಜುವಿಗೆ ಬರೆದ ಪತ್ರದಲ್ಲಿ ಬೊಮ್ಮನಿಗೆ ಸಲ್ಲಿಸಿದ ವೇತನದ ಲೆಕ್ಕವಿದೆ; ಅವನು ಕುಡಿದು ಬಂದು ಇನ್ನಷ್ಟು ಹಣಕ್ಕಾಗಿ ಪೀಡಿಸಿದನೆಂಬ ದೂರೂ ಇದೆ. ಪರಸ್ಥಳದಲ್ಲಿ ಯಜಮಾನನ ಕಣ್ಣಿಗೆ ಮರೆಯಾದ ಆಳಿನ ನಡತೆಯನ್ನು ಈ ದೂರಿನಿಂದ ಅಳೆಯುವುದು ಅಷ್ಟೇನೂ ನ್ಯಾಯವಲ್ಲ. ಶಾಸನಕವಿಯ ಹೊಗಳಿಕೆಗಿಂತ ಇಂತಹ ದೂರಿನಿಂದಲೇ ಮನುಷ್ಯನು ಹೆಚ್ಚು ಸ್ಪಷ್ಟವಾಗಿ ಕಾಣುವನೆಂಬುದನ್ನಂತೂ ಒಪ್ಪಬೇಕು. ಕೀಶ್ ದ್ವೀಪದ ಅರಸನು ಹಡಗುಗಳ ಪಡೆಯೊಡನೆ ಏಡನ್ನಿನ ಮೇಲೆ ಏರಿಬಂದುದೂ ಆ ವರ್ಷವೇ. ನಾಲ್ಕು ವರ್ಷಗಳ ಅನಂತರದ ಪತ್ರದಲ್ಲಿ, ದೂರಿಗೆ ಗುರಿಯಾಗಿದ್ದ ಅದೇ ಆಳಿನ ಹೆಸರನ್ನು ಹೇಳಿ ವಂದನೆಯನ್ನು ಸಲ್ಲಿಸಲಾಗಿದೆ. ಕಡೆಯದಾಗಿ, ಬೆನ್ ಯೀಜು ಈಜಿಪ್ಟನ್ನು ಸೇರಿದ ಮೇಲೆ ಬರೆದ ಲೆಕ್ಕದ ಚೀಟಿಯೊಂದು ಅಮೆರಿಕದ ಫಿಲಡೆಲ್ಫಿಯ ನಗರವನ್ನು ಸೇರಿದೆ. ಅದರಲ್ಲಿಯೂ ಬೊಮ್ಮನ ಹೆಸರಿರುವುದರಿಂದ ಅವನು ಯಜಮಾನನೊಡನೆ ನೈಲ್ ನದಿಯ ತೀರದವರೆಗೂ ಹೋಗಿದ್ದನೆಂದು ಘೋಷರು ಊಹಿಸಿರುವರು.

ಅವನನ್ನು ಪತ್ರಗಳಲ್ಲಿ ‘ಅಬ್ದ್’ ಎಂದು ಕರೆದಿದೆ. ಈ ಅರಬ್ಬೀ ಶಬ್ದವನ್ನು ಗುಲಾಮನೆಂದು ಭಾಷಾಂತರಿಸುವುದು ವಾಡಿಕೆ. ವ್ಯಾಪಾರದ ಹೊಣೆಯನ್ನೂ ವೇತನವನ್ನೂ ದೊಡ್ಡ ವರ್ತಕರ ವಂದನೆಯನ್ನೂ ಪಡೆಯುತ್ತಿದ್ದವನಿಗೆ ಆ ಮಾತು ಒಪ್ಪುವುದಿಲ್ಲವೆಂದು ತೋರುವುದು. ಕನ್ನಡದ ‘ಆಳು’ ಎಂಬ ಮಾತಿನ ವ್ಯಾಪ್ತಿಯೇ ಇಲ್ಲಿ ಸರಿಹೋಗುತ್ತದೆ. ಕೂಲಿಯವನೂ ಆಳು, ಅರಸನ ನೆಚ್ಚಿನ ಯೋಧನೂ ಆಳು.

ಬೊಮ್ಮನ ಹೆಸರಿನಂತೆಯೇ ಕರಾವಳಿಯ ಇನ್ನೊಂದು ಮಾತೂ ಈ ಕಾಗದಗಳಲ್ಲಿ ವೇಷವನ್ನು ಮರೆಸಿಕೊಂಡು ಕುಳಿತಿದೆ. ಹಡಗುಗಳ ಒಡೆಯನಾದ ‘ಫತನ್ ಸ್ವಾಮಿ’ ಎಂಬವನ ಉಲ್ಲೇಖವು ಅಲ್ಲಲ್ಲಿ ಬರುತ್ತದೆ. ಅರಬ್ಬೀ ಭಾಷೆಯಲ್ಲಿ ಪಕಾರವಿಲ್ಲ. ಅದರ ಸ್ಥಾನದಲ್ಲಿ ಫಕಾರವನ್ನಾಗಲಿ ಬಕಾರವನ್ನಾಗಲಿ ಬರೆಯುವರು. ಇಷ್ಟನ್ನು ತಿಳಿದವನಿಗೆ ಇದು ಪಟ್ಟಣಸ್ವಾಮಿ ಎಂಬುದು ಹೊಳೆಯದೆ ಇರದು. ಇದು ವ್ಯಕ್ತಿಯ ಹೆಸರಲ್ಲ, ಪೇಟೆಯ ವರ್ತಕರ ಮುಖ್ಯಸ್ಥನಿಗೆ ಸಲ್ಲುವ ಬಿರುದು. ಹೊಂಬುಜದಲ್ಲಿ ಹನ್ನೊಂದನೆಯ ಶತಮಾನದ ಪಟ್ಟಣಸ್ವಾಮಿ ನೊಕ್ಕಯ್ಯನ ಶಾಸನಗಳು ಪ್ರಸಿದ್ಧವಾಗಿವೆ. ಮಲೆಯಾಳ ತೀರದ ಜುರ್ಬತ್ತನ್, ದಹ್‌ಫತ್ತನ್ ಮುಂತಾದ ಬಂದರುಗಳ ಹೆಸರಿನ ಕೊನೆಯಲ್ಲಿರುವುದೂ ಇದೇ ಪಟ್ಟಣ ಶಬ್ದ. ಬಿರುದನ್ನು ಹೆಸರೆಂದು ತಿಳಿದು ಫತನ್ ಸ್ವಾಮಿ ಎಂಬ ಒಬ್ಬ ಪುರುಷನ ವಂಶವನ್ನು ಹುಡುಕಹೊರಟವನು ಎಂದಿಗೂ ದಡ ಸೇರಲಾರನು.

ವಂಶದ ಮಾತು ಬಂದುದರಿಂದ ಒಂದು ಎಚ್ಚರಿಕೆಯನ್ನು ಹೇಳಬೇಕಾಗಿದೆ. ತಿಮಿಂಗಿಲ ಬೇಟೆಯ ಪಟ್ಟಿಗಳನ್ನು ಹುಡುಕುವವರು ತಂದೆಯಿಂದ ಮಗನಿಗೆ ಇಳಿದುಬಂದ ಕುಲನಾಮವನ್ನು ಹಿಡಿದು ಹಿಂದಕ್ಕೆ ಹೋಗುವರು. ತುಳುನಾಡಿನಲ್ಲಿಯಾದರೋ ಹಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿಯಿದ್ದಿತು. ಅಲ್ಲಿ ಬಳಿಯು ತಾಯಿಯಿಂದ ಬರತಕ್ಕದ್ದು. ಮಾವನ ಆಸ್ತಿಯು ಅಳಿಯನಿಗೆ ಸಲ್ಲತಕ್ಕದ್ದು. ಬೊಮ್ಮನು ಅಂತಹ ಸಮುದಾಯದವನೇ ಆಗಿದ್ದ ಪಕ್ಷದಲ್ಲಿ ಅವನ ಮಕ್ಕಳ ಮೂಲಕ ವಂಶವನ್ನು ಹುಡುಕುವುದೇ ವ್ಯರ್ಥ. ಅಕ್ಕತಂಗಿಯರ ಮಕ್ಕಳನ್ನು ಹುಡುಕಬೇಕು. ಅವನ ತಾಯಿಯ ಹೆಸರಾಗಲಿ ಬಳಿಯ ಹೆಸರಾಗಲಿ ಯಾವ ಪತ್ರದಲ್ಲಿಯೂ ಬರುವುದಿಲ್ಲ. ಆದ್ದರಿಂದ ಇಂದಿನ ಯಾವ ಮನೆತನದವರೂ ಬೊಮ್ಮನನ್ನು ತಮ್ಮ ಮೂಲಪುರುಷನೆಂದು ಹೇಳಿಕೊಳ್ಳಲು ಆಧಾರವಿಲ್ಲ. ಅಲ್ಲವೆಂದು ಹೇಳಲೂ ಇಲ್ಲ.

ಘಟ್ಟದ ಮೇಲಿನ ಸೀಮೆಯವರಿಗೆ ಈ ವಿಚಾರವು ನಿಷ್ಪ್ರಯೋಜಕವೆಂದು ತಿಳಿಯಬಾರದು. ಅಲ್ಲಿಂದಲೂ ಜನರು ಹಡಗನ್ನೇರಿದ್ದಾರೆ, ಬೇರೊಂದು ಕಾಲದಲ್ಲಿ, ಬೇರೊಂದು ಸ್ಥಿತಿಯಲ್ಲಿ. ೧೮೬೦ನೆಯ ನವೆಂಬರ್ ೧೬ರಂದು ಟ್ರೂರೋ ಎಂಬ ಹಡಗು ಮದರಾಸಿನಿಂದ ಕರಾರಿನ ಕೂಲಿಗಳನ್ನು ಹೊತ್ತು ದಕ್ಷಿಣ ಆಫ್ರಿಕದ ದರ್ಬಾನನ್ನು ಸೇರಿತು. ೧೯೧೧ರವರೆಗೆ ಹೀಗೆ ನಟಾಲಿಗೆ ಹೋದವರ ಸಂಖ್ಯೆ ೧,೫೨,೧೮೪. ಅವರಲ್ಲಿ ಮೈಸೂರು ಸೀಮೆಯವರೂ ಇದ್ದರು. ನಡುವೆ ೧೮೭೬-೭೮ರ ಮಹಾಕ್ಷಾಮವು ಮೈಸೂರಿನ ಹಳ್ಳಿಗಳನ್ನು ಬರಿದುಮಾಡಿದುದನ್ನು ನೆನೆದರೆ ದೇಶಾಂತರಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಆ ಹಡಗುಗಳ ಪಟ್ಟಿಗಳು ಉಳಿದಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಮೈಮೇಲಿನ ಗುರುತು ಇವೆಲ್ಲ ಅವುಗಳಲ್ಲಿ ದಾಖಲಾಗಿವೆ. ತಿಮಿಂಗಿಲ ಬೇಟೆಯ ಪಟ್ಟಿಗಳಿಗಿಂತ ಇವು ಒಂದು ಕೈ ಮೇಲೆಂದೇ ಹೇಳಬೇಕು. ಆಫ್ರಿಕದಲ್ಲಿ ಹುಟ್ಟಿಬೆಳೆದ ಮೊಮ್ಮಕ್ಕಳು, ಮರಿಮಕ್ಕಳು ಇಂದು ತಮ್ಮ ಹಿರಿಯರ ಊರನ್ನು ಈ ಪಟ್ಟಿಗಳಲ್ಲಿ ಅರಸುತ್ತಿರುವರು.

ಅವರಿಗೆ ಒದಗುವ ಕಷ್ಟವು ಬ-ಮ-ಹ ಎಂಬುದನ್ನು ಓದಿದವರಿಗೆ ಒದಗಿದ ಕಷ್ಟವೇ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಗುಮಾಸ್ತರು ಕನ್ನಡದ ಹ್ರಸ್ವ ಅಕಾರವನ್ನು ಎಷ್ಟೋ ವೇಳೆ ತಮ್ಮ ಉಕಾರದ ಅಕ್ಷರದಿಂದ ಬರೆಯುತ್ತಿದ್ದರು. ಅದರಂತೆ ಬಮ್ಮ ಎಂಬ ಹೆಸರು ಬುಮ್ಮ ಎಂದು ಕಾಣಬಹುದು, ಸಂದ್ರವು ಸುಂದ್ರವಾಗಬಹುದು. ಅರಿಯದವರು ಅದನ್ನು ಸುಂದರವೆಂದೋ ಚಂದ್ರವೆಂದೋ ತಿದ್ದಿ ಓದಿ ಇಲ್ಲದ ಊರೊಂದನ್ನು ಸೃಷ್ಟಿಸುವರು. ಒತ್ತಕ್ಷರ ಬಿಟ್ಟುಹೋಗಿ, ಮೊದಲ ಸ್ವರವೂ ಕೆಟ್ಟು, ಕೊನೆಗೆ ತಮಿಳರ ಬಾಯಿಯಿಂದ ಬಂದ ಮಕಾರವೊಂದು ಸೇರಿಕೊಂಡರೆ ಅಮ್ಮಸಂದ್ರವನ್ನು ಗುರುತಿಸುವುದು ಊರಿನವರಿಗೂ ಸುಲಭವಲ್ಲ. ಅಂತಹ ಸಂದರ್ಭದಲ್ಲಿ ಹಳ್ಳಿಯ ಅಂಕಣದಿಂದ ಓದಲು ತೊಡಗದೆ ಜಿಲ್ಲೆ ಮತ್ತು ಠಾಣೆಯ ಅಂಕಣಗಳನ್ನು ಮೊದಲು ನಿಶ್ಚಯಿಸಿಕೊಳ್ಳಬೇಕು. ಅನಂತರ ಆ ಠಾಣೆಗೆ ಸೇರಿದ ಗ್ರಾಮಗಳ ಪಟ್ಟಿಯನ್ನು ಮುಂದಿಟ್ಟುಕೊಂಡು, ಗುಮಾಸ್ತನ ಬರಹವನ್ನು ತತ್ಸಮದೊಡನೆ ಹೋಲಿಸದೆ ಜನರ ಬಾಯಲ್ಲಿರುವ ರೂಪದೊಡನೆ ಹೋಲಿಸಬೇಕು. ತಾಲ್ಲೂಕುಗಳ ಎಲ್ಲೆಗಳು ಕಾಲಕಾಲಕ್ಕೆ ಮಾರ್ಪಟ್ಟಿರುವುದರಿಂದ ತುರುವೇಕೆರೆಯ ಹಳ್ಳಿಯನ್ನು ಹುಡುಕುವವರು ತಿಪಟೂರು, ಚಿಕ್ಕನಾಯಕನಹಳ್ಳಿ, ಗುಬ್ಬಿ ತಾಲ್ಲೂಕುಗಳ ಗ್ರಾಮಪಟ್ಟಿಗಳನ್ನೂ ಜೊತೆಯಲ್ಲಿಯೇ ನೋಡತಕ್ಕದ್ದು.